ಎಂಟರಲ್ಲಿ ಮೂರು ಹೋದರೆ ಎಂಟು

ಕೂಡುವುದಕ್ಕೆ ಶಿಕ್ಷಣ ಇಲಾಖೆಯ ಅನುಮತಿ ಬೇಕಿಲ್ಲ; ಕಳೆಯುವುದಕ್ಕೆ ಬೇಕು. ಇದು ಹೊಸ ನಿಯಮವೇನಲ್ಲ. ಸರ್ಕಾರಿ ಸ್ವತ್ತಿಗೆ ಯಾರಾದರೂ ಏನನ್ನಾದರೂ ಸೇರಿಸಿದರೆ ಅದನ್ನು ಔದಾರ್ಯವೆಂದು ಪರಿಗಣಿಸಲಾಗುತ್ತದೆ. ಸರ್ಕಾರಿ ಸ್ವತ್ತಿನಿಂದ ಏನನ್ನಾದರೂ ತೆಗೆದರೆ ಅದಕ್ಕೆ ಬೇರೆ ಹೆಸರಿದೆ, ಬೇರೆ ಕಲಮಿದೆ, ವಿಚಾರಿಸಿಕೊಳ್ಳಲು ಬೇರೆಯೇ ಅಧಿಕಾರಿಗಳಿದ್ದಾರೆ.

ಒಂದನೇ ತರಗತಿಯ ಮಕ್ಕಳಿಗೆ ಕಳೆಯುವ ಲೆಕ್ಕ ಕಲಿಸುತ್ತಿದ್ದ ನಮ್ಮ ಮೇಷ್ಟ್ರಿಗೆ ಈ ನಿಯಮ ಗೊತ್ತಿರಬೇಕಿತ್ತು. ಇಪ್ಪತ್ತು ವರ್ಷ ಕಲಿಸಿದ ಮೇಲೂ ಗೊತ್ತಿರಲಿಲ್ಲ. ತನಗೆ ಗೊತ್ತಿಲ್ಲದಿರುವುದು ಆಶ್ಚರ್ಯವೇನಲ್ಲ ಎಂದು ಮೇಷ್ಟ್ರೇ ಒಪ್ಪುತ್ತಿದ್ದರು. ಚಿಕ್ಕಂದಿನಲ್ಲಿ ಇದೇ ಕಳೆಯುವ ಲೆಕ್ಕದಲ್ಲಿ ಡುಮ್ಕಿ ಹೊಡೆದವರು ಅವರು. ತನಗೆ ಬಾರದಿದ್ದುದನ್ನೇ ಕಲಿಸಲು ಇಲಾಖೆ ತನ್ನನ್ನು ಹುಡುಕಿ ಕೂರಿಸಿದೆಯೆಂದರೆ ಇಲಾಖೆಗೆ ಮನುಷ್ಯರ ಬಗ್ಗೆ ಎಷ್ಟು ಭರವಸೆ ಇರಬೇಕು ಎಂದು ಹೆಂಡತಿಯ ಹತ್ತಿರ ಹೇಳಿಕೊಂಡು ನಗುತ್ತಿದ್ದರು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಆಕೆ ನಗುತ್ತಿರಲಿಲ್ಲ, ನಿಜ ಸಂಗತಿಗೆ ನಗುವ ಅಭ್ಯಾಸ ಆಕೆಗಿರಲಿಲ್ಲ.

ಮೇಷ್ಟ್ರು ಪಾಠ ಮಾಡುವ ರೀತಿ ಸರಳವಾಗಿತ್ತು. ಶಾಲೆಗೆ ಇಲಾಖೆ ಕೊಟ್ಟ ಮರದ ಮಣಿಗಳ ಡಬ್ಬಿಯೊಂದಿತ್ತು. ಡಬ್ಬಿ ನೂರು ಮಣಿ ಹಿಡಿಯುವಷ್ಟು ದೊಡ್ಡದು. ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ ಇಳಿದು ಇಳಿದು ಶಾಲೆ ತಲುಪುವ ಹೊತ್ತಿಗೆ ಒಳಗೆ ಎಂಟು ಉಳಿದಿದ್ದವು. ಎಂಟಕ್ಕೇ ಸಹಿ ಹಾಕಿ ಪಡೆದದ್ದರಿಂದ ಎಂಟೇ ಸರಿ. ಆ ಎಂಟನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಮಕ್ಕಳಿಂದ ಎಣಿಕೆ ಮಾಡಿಸಿ, ಆಮೇಲೆ ಮೂರನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಪಕ್ಕಕ್ಕೆ ಸರಿಸಿದರೆ ಸಾಲದು. ಪಕ್ಕದಲ್ಲಿ ಕಾಣುತ್ತಿದ್ದರೆ ಮಕ್ಕಳು ಅವನ್ನೂ ಸೇರಿಸಿ ಎಣಿಸಿಬಿಡುತ್ತಾರೆ. ಹೋದದ್ದು ಕಣ್ಣಿಗೆ ಕಾಣದಂತೆ ಹೋಗಬೇಕು ಎಂಬುದು ಮೇಷ್ಟ್ರು ಇಪ್ಪತ್ತು ವರ್ಷದಲ್ಲಿ ಸ್ವಂತವಾಗಿ ಕಂಡುಕೊಂಡ ಒಂದೇ ಒಂದು ಸತ್ಯ. ಮಣಿ ಇದ್ದ ಜಾಗವನ್ನೊಮ್ಮೆ, ಮೇಷ್ಟ್ರ ಜೇಬನ್ನೊಮ್ಮೆ ನೋಡಿ, ಬೆರಳು ಮಡಚಿ, ತುಟಿಯಲ್ಲೇ ಎಣಿಸಿ ‘ಐದು’ ಎನ್ನುವಾಗ ಮಗುವಿನ ಮುಖ ಹೇಗಿರುತ್ತದೋ ಅದನ್ನು ನೋಡಲೆಂದೇ ಅವರು ದಿನಾ ಶಾಲೆಗೆ ಬರುತ್ತಿದ್ದರು. ಸಂಬಳವೂ ಬರುತ್ತಿತ್ತು ಅನ್ನಿ.

ಆ ಮುಖವನ್ನು ಬೊಚ್ಚಿ ಇನ್ನೂ ತೋರಿಸಿರಲಿಲ್ಲ. ಮುಂದಿನ ಹಲ್ಲು ಬಿದ್ದು ಬೊಚ್ಚುಬಾಯಿ ಆಗಿದ್ದರಿಂದ ಎಲ್ಲರೂ ಅವಳನ್ನು ಹಾಗೆ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಒಂದನೇ ತರಗತಿಯಲ್ಲಿ ಅವಳಿಗಿದು ಎರಡನೇ ವರ್ಷ. ಹೋದ ವರ್ಷ ಎಂಟರಲ್ಲಿ ಮೂರು ಹೋದರೆ ಎಷ್ಟು ಎಂದರೆ ‘ಯಾಕೆ ಹೋಗ್ಬೇಕು?’ ಎಂದು ಕೇಳುತ್ತಿದ್ದಳೇ ಹೊರತು ಉತ್ತರ ಹೇಳುತ್ತಿರಲಿಲ್ಲ. ಅವಳ ತಾಯಿಗೆ ಶಾಲೆಯ ಬೀದಿಯಲ್ಲೇ ಬಟ್ಟೆಗೆ ಇಸ್ತ್ರಿ ಹಾಕುವ ಅಂಗಡಿ. ಈ ವರ್ಷವೂ ಮಗಳು ಮೇಲಿನ ತರಗತಿಗೆ ಹೋಗದಿದ್ದರೆ ಶಾಲೆ ಬಿಡಿಸಿ ಅಂಗಡಿಯಲ್ಲಿ ಬಟ್ಟೆ ಮಡಚಲು ಕೂರಿಸಿಕೊಳ್ಳುತ್ತೇನೆ ಎಂದು ಆಕೆ ಮೇಷ್ಟ್ರಿಗೆ ಖಡಾಖಂಡಿತವಾಗಿ ಹೇಳಿದ್ದಳು. ಬೆದರಿಕೆಯ ದನಿಯಲ್ಲಿ ಅಲ್ಲ, ತೀರ್ಮಾನ ಆಗಿಹೋದ ದನಿಯಲ್ಲಿ. ಮೇಷ್ಟ್ರಿಗೆ ಆ ದನಿ ರಾತ್ರಿ ಊಟದ ಹೊತ್ತಿಗೂ ಕೇಳುತ್ತಿತ್ತು.

ದಾಸ್ತಾನು ಪರಿಶೀಲನಾಧಿಕಾರಿಗಳು ಶಾಲೆಗೆ ಬಂದದ್ದು ಬೊಚ್ಚಿಗೆ ಲೆಕ್ಕ ಹತ್ತಿದ ದಿನವೇ. ಬೊಚ್ಚಿ ಮಣಿಯ ಸಾಲು ನೋಡಿದಳು, ಜೇಬು ನೋಡಿದಳು, ಬೆರಳು ಮಡಚಿದಳು. ಮುಖ ಅರಳಿತು. ‘ಐದು!’ ಎಂದು ಅವಳು ಕೂಗುವುದಕ್ಕೂ ದಾಸ್ತಾನು ಸಾಹೇಬರು ಬಾಗಿಲು ದಾಟಿ ಮೇಜಿನ ಹತ್ತಿರ ಬರುವುದಕ್ಕೂ ಸರಿಹೋಯಿತು. ಮೇಷ್ಟ್ರಿಗೆ ಕುಣಿಯುವಷ್ಟು ಸಂತೋಷವಾಗಿತ್ತು. ಆ ಸಂತೋಷದಲ್ಲಿ ಎದ್ದು ನಿಲ್ಲುವುದನ್ನೂ ಮರೆತರು.

“ಇದರಲ್ಲಿ ಎಷ್ಟು ಮಣಿ ಇರ್ಬೇಕು?” ಎಂದರು ಸಾಹೇಬರು.

“ಎಂಟು ಸಾರ್.”

“ಐದಿವೆ.”

“ಮೂರು ತೆಗ್ದಿದ್ದೀನಿ ಸಾರ್.”

“ತೆಗೆದು ಎಲ್ಲಿ ಹಾಕಿದ್ರಿ?”

“ಜೇಬಿಗೆ.”

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಅವರ ಇಷ್ಟು ವರ್ಷದ ಸೇವೆಯಲ್ಲಿ ಯಾರೂ ಇಷ್ಟು ಬೇಗ ಒಪ್ಪಿಕೊಂಡಿರಲಿಲ್ಲ. ಮೇಷ್ಟ್ರಿಗೆ ಸಹಾಯವಾಗಲೆಂದು ಬೊಚ್ಚಿ, ಮೇಷ್ಟ್ರು ದಿನಾ ತೆಗೆಯುತ್ತಾರೆ, ಕೆಲವು ದಿನ ನಾಲ್ಕೂ ತೆಗೆಯುತ್ತಾರೆ ಎಂದು ವಿವರ ಒದಗಿಸಿದಳು. ಸಾಹೇಬರು ಅದನ್ನೂ ಬರೆದುಕೊಂಡರು.

ಆಗ ಮೇಷ್ಟ್ರು ತಡಬಡಾಯಿಸಿ ಜೇಬಿನ ಮೂರು ಮಣಿಗಳನ್ನೂ ಮೇಜಿನ ಮೇಲೆ ಇಟ್ಟರು. ಇದು ಅವರ ಎರಡನೇ ತಪ್ಪು. ದಾಸ್ತಾನು ಐದು ಎಂದು ಸಾಹೇಬರು ಅಷ್ಟರಲ್ಲಿ ನಮೂದಿಸಿಯಾಗಿತ್ತು. ಈಗ ಮೇಜಿನ ಮೇಲೆ ಎಂಟಿರುವುದರಿಂದ ಮೂರು ಹೆಚ್ಚುವರಿ. ಹೆಚ್ಚುವರಿಯನ್ನು ಔದಾರ್ಯವೆಂದು ಪರಿಗಣಿಸಬೇಕಾದರೆ ದಾನಿಯ ಅರ್ಜಿ ಮುಂಚಿತವಾಗಿ ಬಂದಿರಬೇಕು. ಅರ್ಜಿ ಬಂದಿರಲಿಲ್ಲ. ಆದಕಾರಣ ಸಾಹೇಬರು ಮೂರು ಮಣಿ ಕೊರತೆಗೆ ಒಂದು ನೋಟಿಸನ್ನೂ ಮೂರು ಮಣಿ ಹೆಚ್ಚಳಕ್ಕೆ ಇನ್ನೊಂದು ನೋಟಿಸನ್ನೂ ಕೊಟ್ಟು, ಹೆಚ್ಚಾದ ಮೂರನ್ನು ಲಕೋಟೆಯಲ್ಲಿ ಹಾಕಿ ಅರಗಿನ ಮುದ್ರೆ ಒತ್ತಿ ತೆಗೆದುಕೊಂಡು ಹೋದರು. ಒಂದು ನೋಟಿಸಿನಲ್ಲಿ ಇನ್ನೊಂದನ್ನು ಕಳೆದರೆ ಏನೂ ಉಳಿಯುವುದಿಲ್ಲ ಎಂದು ಮೇಷ್ಟ್ರಿಗೆ ಹೊಳೆಯಿತು. ಆದರೆ ಅದು ಅನುಮತಿಯಿಲ್ಲದೆ ಮಾಡುವ ಮತ್ತೊಂದು ವ್ಯವಕಲನವಾದೀತೆಂದು ಸುಮ್ಮನಾದರು.

ಮೇಷ್ಟ್ರು ಹೆದರಿದ್ದು ದಂಡಕ್ಕಲ್ಲ, ಗೋದಾಮಿಗೆ. ಊರಾಚೆ ಇಲಾಖೆಯದೊಂದು ಗೋದಾಮಿತ್ತು. ತಪ್ಪು ಮಾಡಿದ ಮೇಷ್ಟ್ರುಗಳನ್ನು ಅಲ್ಲಿಗೆ ಹಾಕುತ್ತಿದ್ದರು. ಅಲ್ಲಿ ಮಕ್ಕಳಿರುವುದಿಲ್ಲ. ಅಲ್ಲಿಗೆ ಹೋದವರು ಮರಳಿ ಪಾಠ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ.

ಸಂಜೆ ಊಟದ ಮೇಜಿನ ಮೇಲೆ ತಟ್ಟೆ ಸರಿಸಿ ಮೇಷ್ಟ್ರು ಸಮಜಾಯಿಷಿ ಬರೆಯಲು ಕೂತರು. ಮೊದಲು ಸತ್ಯ ಬರೆದರು. ಓದಿ ನೋಡಿದರೆ ಕಳ್ಳನ ಹೇಳಿಕೆಯ ಹಾಗೆ ಕಂಡಿತು. ಹರಿದು ಹಾಕಿದರು. ಆಮೇಲೆ ಕ್ಷಮೆ ಕೇಳಿ ಬರೆದರು. ಅದು ಇನ್ನೂ ದೊಡ್ಡ ಕಳ್ಳನದಾಯಿತು. ಮೂರನೆಯ ಸಲ ಹೆದರಿಕೆಯೇ ಪೆನ್ನು ಹಿಡಿದು ಬರೆಯಿತು: ‘ಸದರಿ ಮೂರು ಮಣಿಗಳು ಕಡಿಮೆಯಾಗಿರುವುದಿಲ್ಲ. ಅವು ಬೋಧನಾ ಸಮಯದಲ್ಲಿ ಅನ್ಯತ್ರ ಲಭ್ಯವಿದ್ದವು. ಆದ್ದರಿಂದ ಎಂಟರಲ್ಲಿ ಮೂರನ್ನು ತೆಗೆದ ನಂತರವೂ ಮಣಿಗಳ ಸಂಖ್ಯೆ ಎಂಟೇ ಆಗಿರುತ್ತದೆಂದು ಈ ಮೂಲಕ ವಿನಮ್ರವಾಗಿ ದೃಢೀಕರಿಸುತ್ತೇನೆ.’

ಹೆಂಡತಿ ಭುಜದ ಮೇಲಿಂದ ಬಗ್ಗಿ ಓದಿದಳು.

“ರೀ, ಮಕ್ಕಳಿಗೆ ಐದು ಅಂತ ಹೇಳ್ಕೊಡ್ತೀರಿ, ಇಲ್ಲಿ ಎಂಟು ಅಂತ ಬರ್ದಿದ್ದೀರಿ.”

“ಅದು ಮಕ್ಕಳಿಗೆ. ಇದು ಇಲಾಖೆಗೆ.”

“ಇಲಾಖೆಯವ್ರು ನಂಬ್ತಾರಾ?”

“ಯಾರು ನಂಬ್ತಾರೆ, ಅಷ್ಟು ಪೆದ್ದರಾ ಅವ್ರು,” ಎಂದರು ಮೇಷ್ಟ್ರು. ಇಲಾಖೆಯ ಬಗ್ಗೆ ಅವರು ಇಟ್ಟುಕೊಂಡಿದ್ದ ಗೌರವ ಆ ರಾತ್ರಿಯವರೆಗೂ ಮುಕ್ಕಾಗಿರಲಿಲ್ಲ.

ಸಮಜಾಯಿಷಿ ದಾಸ್ತಾನು ಸಾಹೇಬರ ಮೇಜಿಗೆ ಹೋಯಿತು. ಸಾಹೇಬರು ಒಮ್ಮೆ ಓದಿದರು, ಬಾಗಿಲು ಹಾಕಿಕೊಂಡು ಇನ್ನೊಮ್ಮೆ ಓದಿದರು. ಅವರ ಸುಪರ್ದಿಯಲ್ಲಿದ್ದ ಶಾಲೆಗಳಲ್ಲಿ ಆಗ ಬಹಳಷ್ಟು ಬೆಂಚುಗಳು, ಫ್ಯಾನುಗಳು, ಒಂದು ಶಾಲೆಯಲ್ಲಿ ಕಾಂಪೌಂಡ್ ಗೋಡೆ ಕಾಣದಾಗಿದ್ದವು. ಬೆಂಚುಗಳ ಪೈಕಿ ಕೆಲವು ಸಾಹೇಬರ ಮನೆಯ ಜಗಲಿಯಲ್ಲಿದ್ದವು, ಫ್ಯಾನುಗಳ ಪೈಕಿ ಒಂದು ಅವರ ಮಲಗುವ ಕೋಣೆಯಲ್ಲಿ ತಿರುಗುತ್ತಿತ್ತು. ಇವನ್ನೆಲ್ಲ ಏನೆಂದು ಬರೆಯುವುದೆಂದು ಸಾಹೇಬರು ವರ್ಷಗಟ್ಟಲೆ ನಿದ್ದೆಗೆಟ್ಟಿದ್ದರು. ಉತ್ತರ ಒಬ್ಬ ಒಂದನೇ ತರಗತಿಯ ಮೇಷ್ಟ್ರ ಕೈಬರಹದಲ್ಲಿ ಮನೆ ಬಾಗಿಲಿಗೇ ಬಂದಿತ್ತು. ಸಾಹೇಬರ ಕಣ್ಣು ತುಂಬಿ ಬಂತೆಂದು ಅವರ ಜವಾನ ಆಮೇಲೆ ಹೇಳಿದ.

ತಿಂಗಳು ಕಳೆಯುವುದರೊಳಗೆ ಸುತ್ತೋಲೆ ಹೊರಟಿತು.

‘ವಿಷಯ: ವ್ಯವಕಲನವನ್ನು ನಷ್ಟರಹಿತವಾಗಿ ಬೋಧಿಸುವ ಬಗ್ಗೆ. ಕಳೆಯುವ ಲೆಕ್ಕವನ್ನು ಇದುವರೆಗೆ ಬೋಧಿಸುತ್ತಿದ್ದ ರೀತಿಯಿಂದ ಎಳೆಯ ಮಕ್ಕಳ ಮನಸ್ಸಿನಲ್ಲಿ ವಸ್ತುಗಳು ಇಲ್ಲವಾಗುತ್ತವೆಂಬ ತಪ್ಪು ಭಾವನೆ ಬೇರೂರುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಇನ್ನು ಮುಂದೆ ಯಾವುದೇ ಸಂಖ್ಯೆಯಿಂದ ಯಾವುದೇ ಸಂಖ್ಯೆಯನ್ನು ತೆಗೆದಾಗ, ತೆಗೆದ ಸಂಖ್ಯೆಯನ್ನು ‘ಅನ್ಯತ್ರ ಲಭ್ಯ’ ಎಂದು ಪರಿಗಣಿಸತಕ್ಕದ್ದು. ಮೊದಲಿನ ಸಂಖ್ಯೆಯನ್ನೇ ಉತ್ತರವೆಂದು ಬರೆಯತಕ್ಕದ್ದು. ಬೇರೆ ಉತ್ತರ ಹೇಳುವ ಮಕ್ಕಳನ್ನು ಅದೇ ತರಗತಿಯಲ್ಲಿ ಉಳಿಸಿಕೊಳ್ಳತಕ್ಕದ್ದು. ಬೇರೆ ಉತ್ತರ ಹೇಳಿಕೊಡುವ ಶಿಕ್ಷಕರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು.’

ಪದ್ಧತಿಗೆ ಅನ್ಯತ್ರ ಪದ್ಧತಿ ಎಂದು ಹೆಸರಾಯಿತು. ಬೆಂಚಿಲ್ಲದ ಶಾಲೆಗಳಲ್ಲಿ ಮಕ್ಕಳು ನೆಲದ ಮೇಲೆ ಕೂತು, ಬೆಂಚುಗಳು ಪೂರ್ತಿ ಇವೆಯೆಂದು ಬಾಯಿಪಾಠ ಮಾಡಿದರು. ಕಾಂಪೌಂಡ್ ಕಾಣೆಯಾದ ಶಾಲೆಯಲ್ಲಿ ಗೇಟಿಗೆ ಬೀಗ ಹಾಕಿ ಕಾವಲುಗಾರನನ್ನು ನೇಮಿಸಿದರು. ನೆಂಟರ ಮನೆಗೆ ಲಾರಿಯಲ್ಲಿ ಹೋಗಿದ್ದ ಒಂದು ಶಾಲೆಯ ಬೀರುಗಳಂತೂ ಪರಿಶೀಲನೆಯಲ್ಲಿ ಅತ್ಯುತ್ತಮ ಸ್ಥಿತಿಯಲ್ಲಿರುವುದಾಗಿ ಕಂಡುಬಂದವು. ಇಷ್ಟು ವರ್ಷ ತಲೆ ಚಚ್ಚಿಕೊಂಡರೂ ತಾಳೆಯಾಗದ ದಾಸ್ತಾನು ಲೆಕ್ಕ ಎಲ್ಲ ಕಚೇರಿಗಳಲ್ಲೂ ಒಂದೇ ವಾರದಲ್ಲಿ ತಾಳೆಯಾಯಿತು. ದಾಸ್ತಾನು ಸಾಹೇಬರಿಗೆ ಬಡ್ತಿ ಸಿಕ್ಕಿತು.

ಮೇಷ್ಟ್ರಿಗೆ ವೇದಿಕೆಯ ಮೇಲೆ ಕುರ್ಚಿ ಸಿಕ್ಕಿತು. ಬೇರೆ ಶಾಲೆಗಳ ಮೇಷ್ಟ್ರುಗಳಿಗೆ ಈ ಪದ್ಧತಿಯಲ್ಲಿ ತರಬೇತಿ ಕೊಡಲು ಅವರನ್ನು ಕರೆಸಿಕೊಳ್ಳುತ್ತಿದ್ದರು. ಅವರು ಹೋಗಿ, ಎಂಟು ಗೋಲಿ ಇಟ್ಟು, ಮೂರು ತೆಗೆದು, ಎಂಟು ಉಳಿಯಿತು ಎನ್ನುತ್ತಿದ್ದರು. ಸಭೆ ಚಪ್ಪಾಳೆ ತಟ್ಟುತ್ತಿತ್ತು. ಇದೊಂದು ಕೈಚಳಕವಾಗಿದ್ದರೆ ಎಷ್ಟೋ ಮರ್ಯಾದೆ ಇರುತ್ತಿತ್ತು ಎಂದು ಮೇಷ್ಟ್ರಿಗೆ ಅನ್ನಿಸುತ್ತಿತ್ತು. ಚಿಕ್ಕಂದಿನಲ್ಲಿ ಡುಮ್ಕಿ ಹೊಡೆದಾಗ ಉತ್ತರ ಪತ್ರಿಕೆಯಲ್ಲಿ ತಾನು ಬರೆದಿದ್ದುದು ಹೆಚ್ಚುಕಡಿಮೆ ಇದನ್ನೇ. ಆಗ ಏಟು ಬಿದ್ದಿತ್ತು, ಈಗ ಹೂಗುಚ್ಛ ಬೀಳುತ್ತಿದೆ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು, ಉದುರಿ ಹೋದ ತನ್ನ ಕೂದಲೂ ಅನ್ಯತ್ರ ಲಭ್ಯವಿದೆಯೆಂದು ಹೆಂಡತಿಗೆ ತಿಳಿಸಿದರು. ಹಾಗಾದರೆ ಬಾಚಣಿಗೆಯನ್ನೂ ಅಲ್ಲಿಗೇ ಕಳಿಸಿ ಎಂದಳು ಆಕೆ.

ಒಂದನೇ ತರಗತಿಯ ಮಕ್ಕಳಿಗೆ ಅನ್ಯತ್ರ ಪದ್ಧತಿ ಬಹಳ ಹಿಡಿಸಿತು. ಯಾವ ಲೆಕ್ಕ ಕೊಟ್ಟರೂ ಮೊದಲ ಸಂಖ್ಯೆಯನ್ನೇ ಬರೆದರೆ ಸರಿ. ಎಣಿಸುವ ಗೋಜೇ ಇಲ್ಲ. ತಂದೆತಾಯಂದಿರು ಮಕ್ಕಳ ಪೂರ್ತಿ ಅಂಕ ನೋಡಿ ಹಿಗ್ಗಿದರು. ಬೊಚ್ಚಿಗೆ ಮಾತ್ರ ಹಿಡಿಸಲಿಲ್ಲ. ಎರಡು ವರ್ಷ ಒದ್ದಾಡಿ ಕೈಗೆ ಹತ್ತಿಸಿಕೊಂಡ ‘ಐದ’ನ್ನು ಅವಳು ಬಿಡಲು ತಯಾರಿರಲಿಲ್ಲ. ಕೇಳಿದಾಗಲೆಲ್ಲ ಬೆರಳು ಮಡಚಿ ಐದು ಎನ್ನುತ್ತಿದ್ದಳು, ಹೇಳಿ ಮೇಷ್ಟ್ರ ಮುಖ ನೋಡುತ್ತಿದ್ದಳು. ಭೇಷ್ ಅನ್ನಬೇಕಾದ ಮೇಷ್ಟ್ರು ಕಿಟಕಿಯ ಕಡೆ ನೋಡುತ್ತಿದ್ದರು.

ಒಂದು ದಿನ ಶಾಲೆ ಬಿಟ್ಟ ಮೇಲೆ ಅವಳನ್ನು ಉಳಿಸಿಕೊಂಡರು. ಪರೀಕ್ಷೆಗೆ ಸಮಿತಿ ಬರುತ್ತದೆ, ಅವರೆದುರು ಎಂಟು ಎನ್ನಬೇಕು, ಎಂದರೆ ಎರಡನೇ ತರಗತಿಗೆ ಹೋಗುತ್ತೀಯ, ಇಲ್ಲದಿದ್ದರೆ ಅಮ್ಮ ಅಂಗಡಿಯಲ್ಲಿ ಕೂರಿಸುತ್ತಾಳೆ ಎಂದು ಬಿಡಿಸಿ ಹೇಳಿದರು.

“ಆದ್ರೆ ಐದಲ್ವಾ ಸಾರ್?”

“ಐದೇ ಕಣಮ್ಮ.”

“ಮತ್ತೆ ಎಂಟು ಅಂದ್ರೆ ನೀವು ಬೈಯಲ್ವಾ?”

ಮೇಷ್ಟ್ರಿಗೆ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಅವರು ಮಾಡಬಾರದ ಕೆಲಸವೊಂದನ್ನು ಮಾಡಿದರು: ಬಾಗಿಲು ಮುಚ್ಚಿ, ದನಿ ತಗ್ಗಿಸಿ, ಅವಳಿಗೆ ನಿಜವಾದ ಕಳೆಯುವ ಲೆಕ್ಕವನ್ನು ಮುಂದುವರಿಸಿದರು. ಮಣಿ ಮುಟ್ಟುವಂತಿರಲಿಲ್ಲವಾದ್ದರಿಂದ ಹಲ್ಲಿನಲ್ಲಿ ಹೇಳಿಕೊಟ್ಟರು. ಹಲ್ಲು ಇಲಾಖೆಯ ಸ್ವತ್ತಲ್ಲ ಎಂಬುದು ಅವರ ಲೆಕ್ಕಾಚಾರ. ಒಟ್ಟು ಇಪ್ಪತ್ತು ಹಾಲುಹಲ್ಲು, ಮೂರು ಬಿದ್ದಿವೆ, ಎಷ್ಟು ಉಳಿದವು? ಬೊಚ್ಚಿ ನಾಲಿಗೆಯಿಂದ ತಡವಿ ತಡವಿ ಎಣಿಸಿ ಹದಿನೇಳು ಎಂದಳು. ಇಪ್ಪತ್ತರಿಂದ ಕೆಳಗಿಳಿಯುವುದು ಒಂದನೇ ತರಗತಿಗೆ ದೊಡ್ಡ ಲೆಕ್ಕ. ಮೇಷ್ಟ್ರು ಕದ್ದು ಮಿಠಾಯಿ ತಿಂದವರ ಹಾಗೆ ಖುಷಿಪಟ್ಟರು. ಆಮೇಲೆ ಇದು ದಿನಾ ನಡೆಯಿತು.

ಅವರ ಲೆಕ್ಕಾಚಾರ ಎಂದಿನಂತೆ ತಪ್ಪಾಗಿತ್ತು. ಮಕ್ಕಳು ಶಾಲೆಗೆ ಸೇರುವಾಗ ಮಾಡಿದ ಆರೋಗ್ಯ ತಪಾಸಣೆಯ ಕಾರ್ಡಿನಲ್ಲಿ ಹಲ್ಲು ಇಪ್ಪತ್ತು ಎಂದು ನಮೂದಾಗಿತ್ತು. ವಾರ್ಷಿಕ ತಪಾಸಣೆಗೆ ಬಂದವರು ಒಂದನೇ ತರಗತಿಯೊಂದರಲ್ಲೇ ಬಹಳಷ್ಟು ಹಲ್ಲುಗಳು ಕೊರತೆ ಬಿದ್ದಿರುವುದನ್ನು ಪತ್ತೆ ಹಚ್ಚಿದರು. ಮುಖ್ಯೋಪಾಧ್ಯಾಯಿನಿ ಗಾಬರಿಯಾಗಿ ಮೇಷ್ಟ್ರನ್ನು ಕರೆಸಿ, ಜೇಬು ತೋರಿಸಿ ಎಂದರು. ಆಮೇಲೆ ಸುತ್ತೋಲೆ ನೆನಪಾಗಿ, ಎಲ್ಲ ಕಾರ್ಡುಗಳ ಮೇಲೂ ‘ಅನ್ಯತ್ರ ಲಭ್ಯ’ ಎಂದು ಮೊಹರು ಹಾಕಿಸಿ ನಿರಾಳವಾದರು. ತನ್ನ ಒಂದು ಹಲ್ಲನ್ನು ತಾನೇ ನುಂಗಿಬಿಟ್ಟಿದ್ದೇನೆ ಎಂದು ಬೊಚ್ಚಿ ಪ್ರಾಮಾಣಿಕವಾಗಿ ತಿಳಿಸಿದಳು. ಹಾಗಿದ್ದರೂ ಅನ್ಯತ್ರವೇ ಆಯಿತಲ್ಲ ಎಂದು ತಪಾಸಣೆಯವರು ಸಮಾಧಾನಪಡಿಸಿದರು.

ಪರೀಕ್ಷೆಯ ದಿನ ಬಂತು. ಸಮಿತಿಯ ಅಧ್ಯಕ್ಷರಾಗಿ ಬಂದವರು ಬಡ್ತಿ ಪಡೆದ ದಾಸ್ತಾನು ಸಾಹೇಬರೇ. ಮೇಜಿನ ಮೇಲೆ ಎಂಟು ಮಣಿಗಳೆಂದು ಐದು ಮಣಿಗಳನ್ನು ಇಡಲಾಯಿತು. ಉಳಿದ ಮೂರು ಇನ್ನೂ ಕಚೇರಿಯ ಅರಗಿನ ಮುದ್ರೆಯೊಳಗೆ ಅನ್ಯತ್ರ ಲಭ್ಯವಿದ್ದವು. ಮಕ್ಕಳು ಒಬ್ಬೊಬ್ಬರಾಗಿ ಬಂದು, ಎಂಟರಲ್ಲಿ ಮೂರು ಹೋದರೆ ಎಂಟು ಎಂದು ಹೇಳಿ, ಬೆನ್ನು ತಟ್ಟಿಸಿಕೊಂಡು ಹೋದರು. ಬೊಚ್ಚಿಯ ಸರದಿ ಬಂದಾಗ ಕಿಟಕಿಯಾಚೆ ಅವಳ ತಾಯಿ ಬಂದು ನಿಂತಿದ್ದಳು. ಅಂಗಡಿಯ ಕೆಲಸ ಅರ್ಧಕ್ಕೇ ಬಿಟ್ಟು ಬಂದಿದ್ದಳೆಂದು ಕಾಣುತ್ತದೆ, ತೋಳಿನ ಮೇಲೆ ಯಾರದೋ ಅಂಗಿ ಇತ್ತು. ಬೊಚ್ಚಿ ಮೇಜನ್ನು ನೋಡಿದಳು, ಮೇಷ್ಟ್ರನ್ನು ನೋಡಿದಳು, ಬೆರಳು ಮಡಚಿದಳು.

“ಐದು,” ಎಂದಳು.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಅವರಿಗೆ ಕೋಪ ಬಂದಿರಲಿಲ್ಲ, ಮನೆಯ ಜಗಲಿಯಲ್ಲೊಂದು ಬೆಂಚು ಅಲ್ಲಾಡಿದ ಹಾಗಾಗಿತ್ತು. ಎರಡೇ ಸಾಧ್ಯತೆ ಇದೆ ಎಂದು ಅವರು ಶಾಂತವಾಗಿ ವಿವರಿಸಿದರು. ಒಂದು, ಈ ಮಗುವಿಗೆ ಬುದ್ಧಿ ಕಮ್ಮಿ. ಹಾಗಿದ್ದರೆ ಇದೇ ತರಗತಿಯಲ್ಲಿ ಉಳಿಯಬೇಕು. ಎರಡು, ಯಾರೋ ಇದನ್ನು ಹೇಳಿಕೊಟ್ಟಿದ್ದಾರೆ.

“ಮಗುವಿಗೆ ಬುದ್ಧಿ ಕಮ್ಮಿ ಅಂತ ಬರ್ಕೊಳ್ಳೋಣ ಅಲ್ವಾ ಮೇಷ್ಟ್ರೇ?” ಎಂದರು. ದಯೆಯಿಂದಲೇ ಕೇಳಿದರು. ಅನ್ಯತ್ರ ಪದ್ಧತಿಯ ಜನಕನನ್ನು ಕಳೆದುಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ.

ಹೌದು ಸಾರ್ ಎಂದುಬಿಟ್ಟರೆ ಮುಗಿಯಿತು ಎಂದು ಮೇಷ್ಟ್ರಿಗೆ ಗೊತ್ತಿತ್ತು. ಜೀವಮಾನವೆಲ್ಲ ಅವರು ಹೌದು ಸಾರ್ ಎಂದೇ ಬದುಕಿದ್ದರು. ಆ ಎರಡು ಶಬ್ದ ನಾಲಿಗೆಯ ತುದಿಯಲ್ಲೇ ಕೂತಿದ್ದವು. ಬಾಯಿ ತೆರೆದರು. ಧೈರ್ಯ ಮಾಡಬೇಕೆಂದು ಅಂದುಕೊಂಡವರೇ ಅಲ್ಲ. ಎಂದಿನಂತೆ ಯೋಚಿಸುವ ಮುಂಚೆ ಮಾತು ಜಾರಿತು, ಈ ಸಲ ಮಾತ್ರ ಬೇರೆ ಕಡೆಗೆ ಜಾರಿತು.

“ನಾನೇ ಹೇಳ್ಕೊಟ್ಟಿದ್ದು ಸಾರ್. ಅವಳಿಗೆ ಬುದ್ಧಿ ಚೆನ್ನಾಗಿದೆ.”

ಸಮಿತಿ ಕೂಡಲೇ ಸಭೆ ಸೇರಿತು. ಬೊಚ್ಚಿಯ ವಿಷಯ ಸುಲಭವಾಗಿ ಬಗೆಹರಿಯಿತು. ಇಡೀ ತರಗತಿ ತೇರ್ಗಡೆಯಾಗಿದೆಯೆಂಬ ಪಟ್ಟಿ ಹಿಂದಿನ ದಿನವೇ ಸಿದ್ಧವಾಗಿ ಮೇಲಿನವರ ಸಹಿಯೂ ಆಗಿತ್ತು. ಅದರಿಂದ ಒಬ್ಬಳನ್ನು ತೆಗೆದರೂ ಪಟ್ಟಿಯ ಸಂಖ್ಯೆ ಕಡಿಮೆಯಾಗುವುದಿಲ್ಲವೆಂದ ಮೇಲೆ ತೆಗೆದು ಪ್ರಯೋಜನವಿಲ್ಲ. ಅವಳು ಎರಡನೇ ತರಗತಿಗೆ ಹೋದಳು. ತಾಯಿ ಕಿಟಕಿಯಾಚೆಯಿಂದಲೇ ಮೇಷ್ಟ್ರಿಗೆ ಕೈಮುಗಿದು, ತೋಳಿನ ಮೇಲಿನ ಅಂಗಿ ನೆನಪಾಗಿ ಅಂಗಡಿಗೆ ಓಡಿದಳು.

ಮೇಷ್ಟ್ರ ವಿಷಯವೂ ನಿಯಮದ ಪ್ರಕಾರವೇ ಬಗೆಹರಿಯಿತು. ತಪ್ಪಿತಸ್ಥರನ್ನು ಶಾಲೆಯಿಂದ ತೆಗೆಯಬೇಕು. ಆದರೆ ಶಾಲೆಯ ಶಿಕ್ಷಕರ ಸಂಖ್ಯೆ, ಮುಖ್ಯೋಪಾಧ್ಯಾಯಿನಿಯೂ ಸೇರಿ, ನಾಲ್ಕು, ಅದು ಕಡಿಮೆಯಾಗುವಂತಿಲ್ಲ. ಆದ್ದರಿಂದ ಮೇಷ್ಟ್ರು ಇದೇ ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಮಾಡುತ್ತ, ಅನ್ಯತ್ರ ಲಭ್ಯರಿರತಕ್ಕದ್ದೆಂದು ಆದೇಶವಾಯಿತು. ಅನ್ಯತ್ರ ಎಂದರೆ ಎಲ್ಲಿ ಎಂದು ಮೇಷ್ಟ್ರು ಕೇಳಲಿಲ್ಲ. ಮರುದಿನ ಬುತ್ತಿ ಕಟ್ಟಿಕೊಂಡು ಗೋದಾಮಿಗೆ ಹೋದರು. “ಒಂದು ಸಲವಾದ್ರೂ ಸರಿಯಾದ ಉತ್ತರ ಹೇಳಿದ್ರಲ್ಲ,” ಎಂದು ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು. ಆಕೆಯ ಮಟ್ಟಿಗೆ ಅದು ದೊಡ್ಡ ಹೊಗಳಿಕೆ.

ಕಾಣೆಯಾದ ಬೆಂಚು, ಫ್ಯಾನು, ಬೀರುಗಳೆಲ್ಲ ಗೋದಾಮಿನಲ್ಲಿ ಒಟ್ಟಿಲ್ಲದಿದ್ದರೆ ಇನ್ನೆಲ್ಲಿ ಎಂದು ಮೇಷ್ಟ್ರು ಒಳಗೊಳಗೇ ನಂಬಿದ್ದರು. ತಾನೇ ಹುಟ್ಟಿಸಿದ ಸುಳ್ಳನ್ನು ತಾನೇ ನಂಬುವಷ್ಟು ಮುಗ್ಧತೆ ತನ್ನಲ್ಲಿ ಉಳಿದಿತ್ತಲ್ಲ ಎಂದು ಬಾಗಿಲು ತೆರೆದ ಮೇಲೆ ನಕ್ಕರು. ಗೋದಾಮು ಖಾಲಿಯಾಗಿತ್ತು. ಭರ್ತಿಯಾಗಿದೆ ಎಂದು ಗೋಡೆಯ ಮೇಲೆ ಬೋರ್ಡಿತ್ತು. ಮೊದಲೇ ಬಂದಿದ್ದ ಡ್ರಾಯಿಂಗ್ ಮೇಷ್ಟ್ರೊಬ್ಬರು ಗೋಣಿಚೀಲದ ಮೇಲೆ ಕೂತಿದ್ದರು; ಇಲ್ಲದ ಸಾಮಾನಿಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದು ತಮ್ಮಿಬ್ಬರ ಕೆಲಸ ಎಂದು ಅವರು ವಿವರಿಸಿ, ಕೂರಲು ಅರ್ಧ ಚೀಲ ಬಿಟ್ಟುಕೊಟ್ಟರು. ಮಕ್ಕಳ ಗಲಾಟೆ ಇಲ್ಲದ ಹಗಲು ಎಷ್ಟು ಉದ್ದವೆಂದು ಮೇಷ್ಟ್ರಿಗೆ ತಿಳಿದದ್ದು ಅಲ್ಲಿ. ಬೆಳಗ್ಗೆ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಅವರ ಕೈ ತಾನಾಗಿ ಜೇಬಿಗೆ ಹೋಗಿ ತಡಕುತ್ತಿತ್ತು. ಅವರಿಗೆ ಮಕ್ಕಳನ್ನು ಕಾಣುವ ಹಂಬಲವಾಗುತ್ತಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಆ ಬೊಚ್ಚುಬಾಯಿಯನ್ನು.

ಇತ್ತ ಶಾಲೆಯಲ್ಲಿ ಒಂದನೇ ತರಗತಿಗೆ ಮೇಷ್ಟ್ರೇ ಪಾಠ ಮಾಡುತ್ತಿದ್ದರು, ದಾಖಲೆಯ ಪ್ರಕಾರ. ಮಕ್ಕಳು ಖಾಲಿ ಕುರ್ಚಿಗೆ ನಮಸ್ಕಾರ ಹೇಳಿ ಕೂತು, ಗಲಾಟೆ ಮಾಡಿ, ಗಂಟೆ ಹೊಡೆದಾಗ ಮತ್ತೆ ನಮಸ್ಕಾರ ಹೇಳಿ ಎದ್ದು ಹೋಗುತ್ತಿದ್ದರು. ಯಾವ ತಂದೆತಾಯಿಯೂ ದೂರು ಕೊಟ್ಟಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಮೇಷ್ಟ್ರಿಗೆ ಶಾಲೆಗೆ ಹೋಗುವ ಅವಕಾಶ ಬಂತು. ಶಾಲೆಯಲ್ಲಿ ಯಾವುದರ ಕೊರತೆಯೂ ಇಲ್ಲವೆಂಬ ದೃಢೀಕರಣಕ್ಕೆ ಎಲ್ಲ ಶಿಕ್ಷಕರ ಸಹಿ ಬೇಕಿತ್ತು, ಅವರದೂ ಸೇರಿ. ಅಂದೇ ಅನ್ಯತ್ರ ಪದ್ಧತಿಯನ್ನು ಕಣ್ಣಾರೆ ಕಾಣಲು ದಾಸ್ತಾನು ಸಾಹೇಬರ ಜೊತೆ ದೂರದಿಂದ ಅತಿಥಿಗಳು ಬಂದಿದ್ದರು. ಅನ್ಯತ್ರ ಇರಬೇಕಾದವರು ಇಲ್ಲೇ ಕಂಡರೆ ಎಡವಟ್ಟಾಗುತ್ತದೆ ಎಂದು ಮುಖ್ಯೋಪಾಧ್ಯಾಯಿನಿ ಅವರನ್ನು ಓಣಿಯಲ್ಲೇ ನಿಲ್ಲಿಸಿದರು. ಮೇಷ್ಟ್ರು ಎರಡನೇ ತರಗತಿಯ ಕಿಟಕಿಗೆ ಓರೆಯಾಗಿ ನಿಂತು ಇಣುಕಿದರು. ಒಳಗೆ ಗೋಡೆಗೆ ಬೆನ್ನು ಹಾಕಿ ಶಿಕ್ಷಕರು ಸಾಲಾಗಿ ನಿಂತಿದ್ದರು. ಸಾಲಿನಲ್ಲಿ ಮೂವರಿದ್ದರು, ಕೊನೆಯಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗವನ್ನು ಶಿಸ್ತಾಗಿ ಬಿಟ್ಟಿದ್ದರು.

ನಿಮ್ಮ ಶಾಲೆಯಲ್ಲಿ ಎಷ್ಟು ಜನ ಶಿಕ್ಷಕರಿದ್ದಾರೆ ಎಂದು ಅತಿಥಿಗಳು ಕೇಳಿದರು. ನಾಲ್ಕು ಎಂದು ತರಗತಿ ಒಂದೇ ದನಿಯಲ್ಲಿ ಕೂಗಿತು. ಅತಿಥಿಗಳು ಮೆಚ್ಚಿ ತಲೆದೂಗಿ, ಯಾರಾದರೂ ಒಬ್ಬರು ಎದ್ದು ಹೇಳಿ ಎಂದರು. ಸಾಹೇಬರು ಬೇರೆ ಮಗುವಿನ ಕಡೆ ಕೈ ತೋರಿಸುವಷ್ಟರಲ್ಲಿ ಬೊಚ್ಚಿ ಎದ್ದು ನಿಂತಿದ್ದಳು. ಹೊಸ ಹಲ್ಲು ಅರ್ಧ ಬಂದಿತ್ತು. ಸಾಹೇಬರು ಕಣ್ಣು ಮುಚ್ಚಿಕೊಂಡರು. ಈ ಹುಡುಗಿ ಸರಿಯಾಗಿಯೇ ಹೇಳುತ್ತಾಳೆ, ಹೇಳಿ ತನ್ನ ಶಾಲೆಯನ್ನು ತಾನೇ ಕಳೆದುಕೊಳ್ಳುತ್ತಾಳೆ ಎಂದು ಓಣಿಯಲ್ಲಿ ಮೇಷ್ಟ್ರು ಕಿಟಕಿಯ ಸರಳು ಹಿಡಿದುಕೊಂಡರು.

ಬೊಚ್ಚಿ ಗೋಡೆಯ ಸಾಲು ನೋಡಿದಳು. ಕೊನೆಯ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದಳು. ನಾಲ್ಕು ಬೆರಳೆತ್ತಿ ಒಂದನ್ನು ಮಡಚಿದಳು, ಮಡಚಿದ್ದನ್ನು ದಿಟ್ಟಿಸಿ, ಮತ್ತೆ ಬಿಡಿಸಿದಳು.

“ನಾಲ್ಕು.”

ಇಲ್ಲಿ ಮೂವರೇ ಕಾಣುತ್ತಿದ್ದಾರಲ್ಲ ಪುಟ್ಟಿ ಎಂದು ಅತಿಥಿಗಳು ತಮಾಷೆಗೆ ಕೆಣಕಿದರು.

“ಮೂರು ಅಂತ ನಂಗೂ ಗೊತ್ತು,” ಎಂದಳು ಬೊಚ್ಚಿ. “ಆದ್ರೆ ನಮ್ಮ ಮೇಷ್ಟ್ರನ್ನ ನಾನು ಕಳೆಯಲ್ಲ.”

ಅತಿಥಿಗಳು ಚಪ್ಪಾಳೆ ತಟ್ಟಿದರು. ಇಷ್ಟು ಎಳೆಯ ವಯಸ್ಸಿಗೇ ಪದ್ಧತಿಯನ್ನು ಇಷ್ಟು ಆಳವಾಗಿ ಅರಗಿಸಿಕೊಂಡ ಮಗುವನ್ನು ತಾವು ಎಲ್ಲೂ ಕಂಡಿಲ್ಲವೆಂದು ಸಾಹೇಬರ ಕೈ ಕುಲುಕಿದರು. ಸಾಹೇಬರು ಇದೆಲ್ಲ ಇಲಾಖೆಯ ಸಾಮೂಹಿಕ ಪರಿಶ್ರಮ ಎಂದರು. ಗೋಡೆಯ ಬಳಿಯ ಮೂವರು ಶಿಕ್ಷಕರೂ ಪಕ್ಕದ ಖಾಲಿ ಜಾಗದ ಕಡೆ ತಿರುಗಿ ಅಭಿನಂದನೆಯ ನಗೆ ನಕ್ಕರು.

ಓಣಿಯಲ್ಲಿ ಮೇಷ್ಟ್ರು ಅಳುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಇಷ್ಟು ತಪ್ಪಾದ ಉತ್ತರವನ್ನು ಅವರು ಕೇಳಿರಲಿಲ್ಲ, ಯಾವ ಉತ್ತರಕ್ಕೂ ಇಷ್ಟು ಸಂತೋಷಪಟ್ಟಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಹೊರಗೆ ಬಂದು ದೃಢೀಕರಣದ ಹಾಳೆಯನ್ನು ಮುಂದೆ ಹಿಡಿದರು. ಶಾಲೆಯಲ್ಲಿ ನಾಲ್ವರೂ ಶಿಕ್ಷಕರು ಹಾಜರಿದ್ದು ಯಾವುದರ ಕೊರತೆಯೂ ಇರುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಮೇಷ್ಟ್ರು ಓದಿ, ಸರಿಯಾಗಿದೆ ಎಂದು ಹೇಳಿ, ಸಹಿ ಹಾಕಿ, ಗೋದಾಮಿಗೆ ಹೊರಟರು.